ದುಡಿದವರ ಮುಪ್ಪು ಯಾರ ಹೊಣೆ?

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಸಭೆಯೆಂದರೆ ಬರ, ಕೆರೆ, ಕೂಲಿ, ಸಾಲ ಇವೇ ಮಾತು. ಇಂದು ಇವೆಲ್ಲದರ ಕೊನೆಗೆ ಬರುವ ಒಂದು ಮಾತನ್ನು ಎತ್ತಿಕೊಂಡಿದ್ದೇವೆ. ಬರದಲ್ಲಿ ದುಡಿದು, ಕೆರೆಗೆ ಮಣ್ಣು ಹೊತ್ತು, ಕೂಲಿ ಮಾಡಿ, ಸಾಲ ತೀರಿಸಿ, ಕೈಕಾಲು ಸೋತುಹೋದ ಮೇಲೆ ಮನುಷ್ಯ ಏನು ತಿಂದು ಬದುಕಬೇಕು? ಇದೇ ಇಂದಿನ ವಿಷಯ.

ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇವೆ. ನಮ್ಮ ತಾಯಿ ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಅವರ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಗಡಿಯಾಚೆ ಮಡಕಶಿರಾ ತಾಲ್ಲೂಕಿಗೆ ಮದುವೆಯಾಗಿ ಹೋದವರು. ಇಬ್ಬರೂ ಒಂದೇ ತಾಯಿಯ ಮಕ್ಕಳು. ಇಬ್ಬರೂ ಕಡಲೆಕಾಯಿ ಕಿತ್ತವರು, ಕಳೆ ತೆಗೆದವರು, ಬರಗಾಲದಲ್ಲಿ ಕಲ್ಲು ಹೊತ್ತವರು. ಇಬ್ಬರ ಮಂಡಿಯೂ ಈಗ ಮಡಚುವುದಿಲ್ಲ. ಆದರೆ ತಿಂಗಳ ಒಂದನೆಯ ತಾರೀಖು ದೊಡ್ಡಮ್ಮನ ಮನೆ ಬಾಗಿಲಿಗೆ ಸರ್ಕಾರದ ನೌಕರನೊಬ್ಬ ಬಂದು 4,000 ರೂಪಾಯಿ ಎಣಿಸಿಕೊಟ್ಟು ಹೋಗುತ್ತಾನೆ. ನಮ್ಮ ತಾಯಿಗೆ ಬರುವುದು 1,200 ರೂಪಾಯಿ. ಅದೂ ಯಾವ ತಾರೀಖು ಎಂದು ಹೇಳುವಂತಿಲ್ಲ. ಬ್ಯಾಂಕಿಗೆ ಎರಡು ಸಲ ನಡೆದರೆ ಮೂರನೆಯ ಸಲ ಸಿಕ್ಕೀತು.

ಕಳೆದ ಹಬ್ಬಕ್ಕೆ ದೊಡ್ಡಮ್ಮ ಬಂದಿದ್ದರು. ಹೊರಡುವಾಗ ತಂಗಿಯ ಸೆರಗಿಗೆ 500 ರೂಪಾಯಿ ಕಟ್ಟಿ, "ಏನೇ, ನಿಮ್ ಸರ್ಕಾರಕ್ಕೆ ನಿನ್ ನರೆಗೂದ್ಲು ಕಾಣ್ಸಾಕಿಲ್ವಾ?" ಎಂದರು. ನಮ್ಮ ತಾಯಿ, "ಕಾಣ್ಸುತ್ತೆ ಕಣಕ್ಕ, ಎಣಿಸಾಕೆ ಪುರುಸೊತ್ತಿಲ್ಲ" ಎಂದರು. ಇಬ್ಬರೂ ನಕ್ಕರು. ಅಲ್ಲಿ ಕುಳಿತಿದ್ದ ನಮಗೆ ನಗು ಬರಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಹಕ್ಕಿನ ಮಾತು ಹೇಳುವ ನಾವು, ಹೆತ್ತ ತಾಯಿ ಅಕ್ಕನ ಕೈಯಿಂದ ದುಡ್ಡು ತೆಗೆದುಕೊಳ್ಳುವುದನ್ನು ನೋಡುತ್ತ ಕುಳಿತಿದ್ದೆವು.

ಮಡಕಶಿರಾ ಯಾವುದೋ ದೂರದೇಶವಲ್ಲ. ಅದರ ಗಡಿ ನಮ್ಮ ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳಿಗೆ ತಾಗಿದೆ. ಅಲ್ಲಿ ಕನ್ನಡ ಮಾತನಾಡುವವರಿದ್ದಾರೆ, ನಮ್ಮಲ್ಲಿ ತೆಲುಗು ಮಾತನಾಡುವವರಿದ್ದಾರೆ. ಮಳೆ ಬಂದರೆ ಎರಡು ಕಡೆಗೂ ಬರುತ್ತದೆ, ಹೋದರೆ ಎರಡು ಕಡೆಯೂ ಹೋಗುತ್ತದೆ. ಗೆರೆಯೊಂದನ್ನು ದಾಟಿದರೆ ಮುದುಕಿಯ ಬೆಲೆ ಮೂರು ಪಟ್ಟಿಗಿಂತ ಹೆಚ್ಚಾಗುವುದು ಹೇಗೆ?

ಇದನ್ನು ಕೇಳುವಾಗ ನಾವು ಆಂಧ್ರದ ಸರ್ಕಾರಕ್ಕೆ ಹಾರ ಹಾಕಲು ಹೊರಟಿಲ್ಲ. ಲೆಕ್ಕ ನೋಡಿ. 2014 ರವರೆಗೆ ಅಲ್ಲಿ ವೃದ್ಧಾಪ್ಯ ವೇತನ 200 ರೂಪಾಯಿ ಇತ್ತು. ಆ ವರ್ಷದ ಚುನಾವಣೆಯ ನಂತರ 1,000 ಆಯಿತು. 2019 ರ ಚುನಾವಣೆ ಹತ್ತಿರ ಬಂದಾಗ, ಆ ವರ್ಷದ ಜನವರಿಯಲ್ಲಿ, 2,000 ಆಯಿತು. ಸರ್ಕಾರ ಬದಲಾದ ಮೇಲೆ 2,250. ಆಮೇಲೆ 2,500, 2,750. ಮುಂದಿನ ಚುನಾವಣೆಯ ಹೊಸ್ತಿಲಲ್ಲಿ, 2024 ರ ಜನವರಿಯಲ್ಲಿ, 3,000. ಆ ಚುನಾವಣೆ ಮುಗಿದು ಸರ್ಕಾರ ಮತ್ತೆ ಬದಲಾಗಿ ಜುಲೈ ಬಂದಾಗ 4,000. ಏಪ್ರಿಲ್‌ನಿಂದ ಮೂರು ತಿಂಗಳ ಬಾಕಿಯೂ ಸೇರಿ ಆ ಜುಲೈ ಒಂದರಂದು ಒಬ್ಬೊಬ್ಬರ ಕೈಗೆ 7,000 ರೂಪಾಯಿ ಬಂತು.

ಈ ಲೆಕ್ಕದಲ್ಲಿ ಎರಡು ಪಾಠಗಳಿವೆ. ಒಂದು, ಮುದುಕರು ಓಟಿನ ಶಕ್ತಿಯಾದರೆ ಸರ್ಕಾರಕ್ಕೆ ದುಡ್ಡು ಸಿಗುತ್ತದೆ. "ಖಜಾನೆ ಖಾಲಿ" ಎಂಬ ಮಾತು ಎದ್ದುಹೋಗುತ್ತದೆ. ಇನ್ನೊಂದು, ಒಬ್ಬರು ಆ ಹಣಕ್ಕೆ ತಮ್ಮ ನಾಯಕನ ಹೆಸರಿಟ್ಟು 'ಭರೋಸಾ' ಎಂದರು, ಇನ್ನೊಬ್ಬರು ತಮ್ಮ ನಾಯಕನ ಹೆಸರಿಟ್ಟು 'ಕಾನುಕ' ಎಂದರು. ಕಾನುಕ ಎಂದರೆ ಕಾಣಿಕೆ. ಯಾರು ಯಾರಿಗೆ ಕಾಣಿಕೆ ಕೊಡುತ್ತಾರೆ? ಐವತ್ತು ವರ್ಷ ದುಡಿದು ಬೆಂಕಿಪೊಟ್ಟಣಕ್ಕೆ, ಸೀರೆಗೆ, ಸೀಮೆಎಣ್ಣೆಗೆ ತೆರಿಗೆ ಕಟ್ಟಿದವಳಿಗೆ ಅದೇ ತೆರಿಗೆಯ ಹಣದಿಂದ ಕೊಟ್ಟದ್ದು ಕಾಣಿಕೆಯಾಗುತ್ತದೆಯೆ? ಕಾಣಿಕೆ ಕೊಟ್ಟವನು ನಾಳೆ ನಿಲ್ಲಿಸಬಹುದು. ಹಕ್ಕನ್ನು ನಿಲ್ಲಿಸಲಾಗದು.

ನಮ್ಮ ಹಳ್ಳಿಗಳಲ್ಲಿ ಈ ಹಣಕ್ಕೆ ಏನೆನ್ನುತ್ತಾರೆ, ಕೇಳಿದ್ದೀರಾ? ಸರ್ಕಾರದ ಕಾಗದದಲ್ಲಿ 'ಸಂಧ್ಯಾ ಸುರಕ್ಷಾ' ಎಂದಿದೆ. ನಮ್ಮ ಅಜ್ಜಿಯರು "ನಂಗೆ ಸಂಬಳ ಬರುತ್ತೆ" ಎನ್ನುತ್ತಾರೆ. ಓದಿದವರು ಅದನ್ನು ಕೇಳಿ ನಗುತ್ತಾರೆ. ಆದರೆ ಅಜ್ಜಿಯ ಮಾತೇ ಸರಿ. 1982 ರ ಡಿಸೆಂಬರ್ 17 ರಂದು ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ಪಿಂಚಣಿ ಧಣಿಯ ಕೃಪೆಯಲ್ಲ, ದಾನವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದದ್ದು, ದುಡಿಯುವ ಕಾಲದಲ್ಲಿ ದುಡಿದವರಿಗೆ ಮುಪ್ಪಿನಲ್ಲಿ ಕೊಡಬೇಕಾದ ಸಾಮಾಜಿಕ ನ್ಯಾಯ. ಅದಕ್ಕೇ ಇಂದಿಗೂ ಡಿಸೆಂಬರ್ 17 ಅನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಆ ತೀರ್ಪು ಬಂದದ್ದು ಸರ್ಕಾರಿ ನೌಕರರ ವಿಷಯದಲ್ಲಿ, ನಿಜ. ಆದರೆ ಕಛೇರಿಯಲ್ಲಿ ಮೂವತ್ತು ವರ್ಷ ಬರೆದದ್ದು ಸೇವೆಯಾದರೆ, ಹೊಲದಲ್ಲಿ ಐವತ್ತು ವರ್ಷ ಬೆಳೆದದ್ದು ಏನು? ದೇಶಕ್ಕೆ ಅನ್ನ ಹಾಕಿದ್ದು ಸೇವೆಯಲ್ಲವೆ? ನಮ್ಮ ಸಂವಿಧಾನದ 41 ನೆಯ ವಿಧಿ ಮುಪ್ಪಿನಲ್ಲಿ, ರೋಗದಲ್ಲಿ, ನಿರುದ್ಯೋಗದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿನ ಮಾತಾಡುವಾಗ ನೌಕರ, ಕೂಲಿಕಾರ ಎಂಬ ಭೇದ ಮಾಡಿಲ್ಲ.

ಈಗ ನಮ್ಮ ರಾಜ್ಯದ ಕಥೆಗೆ ಬರೋಣ. ಮೈಸೂರು ರಾಜ್ಯವೆಂದು ಕರೆಯುತ್ತಿದ್ದ 1960 ರ ದಶಕದಲ್ಲೇ ಇಲ್ಲಿ ವೃದ್ಧಾಪ್ಯ ವೇತನ ಆರಂಭವಾಗಿತ್ತು. ಸಂಧ್ಯಾ ಸುರಕ್ಷಾ ಬಂದದ್ದು 2007 ರಲ್ಲಿ, ತಿಂಗಳಿಗೆ 400 ರೂಪಾಯಿ. ಅರವತ್ತೈದು ದಾಟಿದ ಸಣ್ಣ ರೈತ, ಕೃಷಿ ಕೂಲಿ, ನೇಕಾರ, ಮೀನುಗಾರ, ಅಸಂಘಟಿತ ಕೆಲಸಗಾರ ಇವರಿಗೆಂದು. ಏರುತ್ತ ಏರುತ್ತ 2021 ರಲ್ಲಿ 1,200 ಆಯಿತು. ದಿನಕ್ಕೆ 40 ರೂಪಾಯಿ.

ಕೇಂದ್ರ ಸರ್ಕಾರದ ಪಾಲು ಇನ್ನೂ ವಿಚಿತ್ರ. 1995 ರ ಆಗಸ್ಟ್ 15 ರಂದು ರಾಷ್ಟ್ರೀಯ ವೃದ್ಧಾಪ್ಯ ವೇತನ 75 ರೂಪಾಯಿಯಿಂದ ಆರಂಭವಾಯಿತು. 2006 ರಲ್ಲಿ 200 ಆಯಿತು. ಅಲ್ಲಿಂದ ಇಲ್ಲಿಯವರೆಗೆ ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನವರಿಗೆ ಕೇಂದ್ರದ ಪಾಲು ಅದೇ 200. ಎಂಬತ್ತು ತುಂಬಿದರೆ 500. ಇಷ್ಟು ವರ್ಷಗಳಲ್ಲಿ ಶಾಸಕರ ಭತ್ಯ ಏರಿತು, ಸಂಸದರ ಪಿಂಚಣಿ ಏರಿತು, ಬೇಳೆಯ ಬೆಲೆ ಏರಿತು. ಮುದುಕರ 200 ಮಾತ್ರ ನಮ್ಮ ಮಧುಗಿರಿಯ ಏಕಶಿಲೆಯ ಬೆಟ್ಟದಂತೆ ಕದಲದೆ ನಿಂತಿದೆ.

1963 ರಲ್ಲಿ ಲೋಕಸಭೆಯಲ್ಲಿ ಡಾಕ್ಟರ್ ಲೋಹಿಯಾ ಎದ್ದು ನಿಂತು, ಈ ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಮೂರಲ್ಲ, ಹದಿನೈದಾಣೆ ಎಂದು ಸರ್ಕಾರ ವಾದಿಸಿತು. ಆ ಚರ್ಚೆ ದೇಶವನ್ನೇ ಅಲುಗಿಸಿತು. ಇಂದು ಕೇಂದ್ರದ 200 ನ್ನು ಮೂವತ್ತು ದಿನಕ್ಕೆ ಹಂಚಿ: ದಿನಕ್ಕೆ ಆರು ರೂಪಾಯಿ ಅರವತ್ತಾರು ಪೈಸೆ. ಇದಕ್ಕೆ ಯಾರ ಅಂಕಿ ಅಂಶದ ವಿವಾದವೂ ಇಲ್ಲ. ಸರ್ಕಾರವೇ ಬರೆದುಕೊಟ್ಟ ಲೆಕ್ಕ. ಆದರೂ ದೇಶ ಅಲುಗುವುದಿಲ್ಲ.

ಈ ಅಲ್ಪ ಹಣಕ್ಕೂ ಬೇಲಿ ಎಷ್ಟು, ನೋಡಿ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು ಎಂದು ಕಟ್ಟಳೆ. 2025-26 ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370. ಮನೆಯ ಒಬ್ಬ ಮಗ ನೂರು ದಿನ ಮಣ್ಣು ಹೊತ್ತರೆ 37,000. ಅಂದರೆ ಸರ್ಕಾರವೇ ಕೊಟ್ಟ ಕೆಲಸವನ್ನು ಸರ್ಕಾರವೇ ಹೇಳಿದಷ್ಟು ದಿನ ಮಾಡಿದರೆ, ಸರ್ಕಾರದ ಲೆಕ್ಕದಲ್ಲಿ ಆ ಮನೆಯ ಮುದುಕಿ ಬಡವಳಲ್ಲ! ಪಿಂಚಣಿ ಬೇಕೆಂದರೆ ಸುಳ್ಳು ಆದಾಯ ಪತ್ರ ತರಬೇಕು. ಬಡವನನ್ನು ಮೊದಲು ಸುಳ್ಳುಗಾರನನ್ನಾಗಿ ಮಾಡಿ, ಆಮೇಲೆ "ಸುಳ್ಳು ಫಲಾನುಭವಿ" ಎಂದು ಪಟ್ಟಿಯಿಂದ ತೆಗೆಯುವ ಏರ್ಪಾಡು ಇದು.

ಇನ್ನೊಂದು ಕಟ್ಟಳೆ ಇದಕ್ಕಿಂತ ಸೊಗಸು. 2007 ರಲ್ಲಿ ಸಂಧ್ಯಾ ಸುರಕ್ಷಾ ಬಂದಾಗ, ಗಂಡ ಹೆಂಡತಿ ಇಬ್ಬರೂ ಸೇರಿ ಇಟ್ಟ ಠೇವಣಿ 10,000 ರೂಪಾಯಿ ಮೀರಬಾರದು ಎಂದಿಟ್ಟರು. ಒಂದು ಕೈಯಿಂದ "ಮುಪ್ಪಿಗೆ ಕೂಡಿಡಿ" ಎಂಬ ಕರಪತ್ರ ಹಂಚುವುದು, ಇನ್ನೊಂದು ಕೈಯಿಂದ ಕೂಡಿಟ್ಟವನ ಅರ್ಜಿಯನ್ನು ತಿರಸ್ಕರಿಸುವುದು. ಸತ್ತರೆ ಮಣ್ಣಿಗಿರಲಿ ಎಂದು ಹನ್ನೊಂದು ಸಾವಿರ ಇಟ್ಟುಕೊಂಡ ಮುದುಕ ಶ್ರೀಮಂತನೆ?

ಇನ್ನು ಬೆರಳಿನ ಕಥೆ. ಕೊರಟಗೆರೆ ಸೀಮೆಯ ಒಬ್ಬ ಅಜ್ಜಿಯ ಜೊತೆ ನಾವು ಒಂದು ಕಛೇರಿಗೆ ಹೋಗಿದ್ದೆವು. ಏಳು ತಿಂಗಳಿಂದ ಹಣ ನಿಂತಿತ್ತು. ಯಂತ್ರದ ಮೇಲೆ ಬೆರಳಿಡು ಎಂದರು. ಹುಣಸೆಹಣ್ಣು ಬಿಡಿಸಿ ಬಿಡಿಸಿ ಬೆರಳ ಗೆರೆಯೇ ಸವೆದಿದೆ. ಯಂತ್ರ ಗುರುತು ಹಿಡಿಯಲಿಲ್ಲ. ದುಡಿಮೆಯೇ ಅವಳ ಗುರುತನ್ನು ಅಳಿಸಿತ್ತು. ಆಧಾರ್ ಚೀಟಿಯಲ್ಲಿ ಹುಟ್ಟಿದ ದಿನ ಜನವರಿ ಒಂದು. ಅವಳ ಗಂಡನದೂ ಜನವರಿ ಒಂದು, ಓರಗಿತ್ತಿಯದೂ ಜನವರಿ ಒಂದು. ಬರೆದುಕೊಂಡವನು ಕಣ್ಣಳತೆಯಲ್ಲಿ ಬರೆದ ವರ್ಷ. ಅದರ ಪ್ರಕಾರ ಅವಳಿಗೆ ಅರವತ್ತೆರಡು. ಆದರೆ ಹಿರಿಯ ಮಗನಿಗೆ ಐವತ್ತೆರಡು. ಹತ್ತು ವರ್ಷಕ್ಕೆ ಹೆತ್ತಳೇ ಎಂದು ಕೇಳಿದೆವು. "ನಾವೇನು ಮಾಡೋಣ, ಕಂಪ್ಯೂಟರ್ ತಗೊಳ್ಳಲ್ಲ" ಎಂಬ ಉತ್ತರ ಬಂತು. ಆ ಗುಮಾಸ್ತನ ಮೇಲೆ ನಮಗೆ ಕೋಪವಿಲ್ಲ. ಅವನ ಮೇಜಿನ ಮೇಲೆ ನಾಲ್ವರು ಮಾಡುವ ಕೆಲಸದ ಕಡತವಿತ್ತು. ಆದರೆ ಅಜ್ಜಿ ಮೂರು ಬಾರಿ ಓಡಾಡಿದ ಮೇಲೆ ನಾಲ್ಕನೆಯ ಬಾರಿ ಬರಲಿಲ್ಲ. "ನಮ್ಮ ಸಾವಿಗಿಂತ ಮುಂಚೆ ಬರೋದಾದ್ರೆ ಬರ್ಲಿ ಬಿಡಪ್ಪ" ಎಂದು ಕುಳಿತುಬಿಟ್ಟರು. ಇಂಥವರನ್ನು ಕಛೇರಿಯ ಲೆಕ್ಕದಲ್ಲಿ 'ಅರ್ಜಿ ಇತ್ಯರ್ಥ' ಎಂದು ಬರೆಯುತ್ತಾರೆ.

ಪಾವಗಡದವರಿಗೆ ಇನ್ನೊಂದು ಮಾತು ಹೇಳಬೇಕಾಗಿಲ್ಲ. ಅಲ್ಲಿಯ ಬಾವಿಯ ನೀರಿನ ಫ್ಲೋರೈಡು ಮೂಳೆಯನ್ನು ಬಗ್ಗಿಸುತ್ತದೆ. ಐವತ್ತಕ್ಕೆ ಎಪ್ಪತ್ತರ ನಡಿಗೆ. ಅವರಿಗೆ ಅರವತ್ತೈದು ತುಂಬಲಿ ಎಂದು ಕಾಯುವುದು ಯಾವ ನ್ಯಾಯ?

"ಮಕ್ಕಳಿಲ್ಲವೇ? ಮಕ್ಕಳು ನೋಡಿಕೊಳ್ಳಲಿ" ಎನ್ನುವವರಿದ್ದಾರೆ. ಒಳ್ಳೆಯ ಮಾತು. ತಂದೆ ತಾಯಿಯನ್ನು ನೋಡಿಕೊಳ್ಳಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಮಕ್ಕಳು ಎಲ್ಲಿದ್ದಾರೆ? ಪೀಣ್ಯದಲ್ಲಿ, ನೆಲಮಂಗಲದಲ್ಲಿ, ಬೆಂಗಳೂರಿನ ಗಾರ್ಮೆಂಟು ಕಾರ್ಖಾನೆಗಳಲ್ಲಿ, ಹತ್ತಕ್ಕೆ ಹತ್ತರ ಬಾಡಿಗೆ ಕೋಣೆಯಲ್ಲಿ. ತಿಂಗಳ ಕೊನೆಗೆ ತಮಗೇ ಸಾಲದು. 2007 ರಲ್ಲೇ ಕೇಂದ್ರ ಸರ್ಕಾರ ತಂದೆ ತಾಯಿಯರ ಪೋಷಣೆಯ ಕಾಯ್ದೆ ಮಾಡಿತು. ನೋಡದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬಹುದು. ಮಧುಗಿರಿ ಉಪವಿಭಾಗಕ್ಕೆ ನಮ್ಮ ನಾಲ್ಕು ತಾಲ್ಲೂಕೂ ಸೇರಿದೆ. ಮಗನಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಹುದೆಂದು ಆ ಕಾಯ್ದೆ ಹೇಳುತ್ತದೆ. ಈಗ ವಿಚಾರ ಮಾಡಿ: ಮಗ ಕೊಡಬೇಕಾದಾಗ ಮುಪ್ಪಿನ ಖರ್ಚು 10,000 ರವರೆಗೆ ಆಗಬಹುದೆಂದು ಸರ್ಕಾರಕ್ಕೆ ಗೊತ್ತು. ತಾನು ಕೊಡಬೇಕಾದಾಗ 1,200 ಸಾಕು!

ಗೃಹಲಕ್ಷ್ಮಿ ಇಲ್ಲವೇ ಎಂದೂ ಕೇಳುತ್ತಾರೆ. ಇದೆ. 2023 ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ 2,000 ರೂಪಾಯಿ. ಅಕ್ಕಿಯೂ ಇದೆ, ಹೆಂಗಸರಿಗೆ ಬಸ್ಸೂ ಇದೆ. ಅವುಗಳಿಂದ ಎಷ್ಟೋ ಒಲೆ ಉರಿದಿದೆ, ಅಲ್ಲಗಳೆಯುವುದು ಕೃತಘ್ನತೆ. ಆದರೆ ಒಂದು ಪಡಿತರ ಚೀಟಿಗೆ ಒಬ್ಬಳೇ ಯಜಮಾನಿ. ಅತ್ತೆಯೋ ಸೊಸೆಯೋ ಎಂದು ಎಷ್ಟು ಮನೆಗಳಲ್ಲಿ ಜಗಳವಾಯಿತೆಂಬುದು ಇಲ್ಲಿರುವ ತಾಯಂದಿರಿಗೆ ಗೊತ್ತು. ಹೆಂಡತಿ ಸತ್ತ ಮುದುಕನಿಗೆ ಅದೂ ಇಲ್ಲ. ಮನೆಗೆ ಕೊಡುವ ನೆರವು ಬೇರೆ, ಮುಪ್ಪಿನ ಹಕ್ಕು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸಬಾರದು.

ಈಗ ಕೂಡಿಡುವ ಮಾತು. ಇಂದಿನ ಮಹಾಮಂತ್ರವೇ ಇದು: "ಸರ್ಕಾರವನ್ನು ನಂಬಬೇಡ, ನಿನ್ನ ಮುಪ್ಪಿಗೆ ನೀನೇ ಕೂಡಿಡು." 2015 ರಲ್ಲಿ ಅಟಲ್ ಪಿಂಚಣಿ ಬಂತು. ಹದಿನೆಂಟರ ಹುಡುಗ ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಅರವತ್ತರ ಮೇಲೆ ತಿಂಗಳಿಗೆ 5,000. ನಲವತ್ತರಲ್ಲಿ ಸೇರಿದರೆ 1,454 ಕಟ್ಟಬೇಕು. ಕೇಳಲು ಚೆನ್ನ. ಆದರೆ ನಲವತ್ತೆರಡು ವರ್ಷದ ನಂತರದ ಐದು ಸಾವಿರ ಎಷ್ಟು? ನಾವು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಕಪ್ಪು ಹಲಗೆಯ ಮೇಲೆ ಬರೆದೇ ತೋರಿಸುತ್ತೇವೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ನಲವತ್ತೆರಡು ವರ್ಷದಲ್ಲಿ ಸುಮಾರು ಏಳೂಮುಕ್ಕಾಲು ಪಟ್ಟು ಆಗುತ್ತವೆ. ಆಗಿನ ಐದು ಸಾವಿರಕ್ಕೆ ಬರುವ ಸಾಮಾನು ಈಗಿನ ಆರುನೂರ ಐವತ್ತು ರೂಪಾಯಿಯ ಸಾಮಾನು. ಜೀವಮಾನವೆಲ್ಲ ಕಟ್ಟಿ, ಇಂದಿನ ಸಂಧ್ಯಾ ಸುರಕ್ಷಾದ ಅರ್ಧದಷ್ಟು ಸಿಕ್ಕೀತು. ಬೆಲೆ ಏರಿದಂತೆ ಏರದ ಪಿಂಚಣಿ ಬೇಸಿಗೆಯ ಕೆರೆಯಂತೆ. ಇಂದು ತುಂಬಿ ಕಂಡರೂ ಬೇಕಾದ ದಿನಕ್ಕೆ ತಳ ಕಾಣುತ್ತದೆ.

ಬಿಸಿಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟ್‌ನ ಸೌರ ವಿದ್ಯುತ್ ಉದ್ಯಾನ ನಿಂತಿದೆ. ರೈತರು ಭೂಮಿ ಮಾರಲಿಲ್ಲ, ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇಕಡ 5 ರ ಏರಿಕೆ ಎಂದು ಕರಾರು. ಭೂಮಿಯಿದ್ದ ಮುದುಕರಿಗೆ ಅದೇ ಒಂದು ಪಿಂಚಣಿಯಾಯಿತು, ಸಂತೋಷ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು ಏನಾದರು? ಭೂಮಿಯಿಲ್ಲದವರಿಗೆ ಕರಾರೂ ಇಲ್ಲ, ಬಾಡಿಗೆಯೂ ಇಲ್ಲ, ಇದ್ದ ಕಡಲೆಕಾಯಿ ಕೂಲಿಯೂ ಇಲ್ಲ. ಕರಾರಿನಲ್ಲಿ ಮಣ್ಣಿಗೆ ಏರಿಕೆಯಿದೆ. ಆ ಮಣ್ಣನ್ನು ಜೀವಮಾನವೆಲ್ಲ ಅಗೆದವನಿಗೆ ಏರಿಕೆಯಿಲ್ಲ. ಒಂದು ಎಕರೆ ನೆಲಕ್ಕೆ ಕೊಡುವ ಗೌರವವನ್ನು ಒಬ್ಬ ಮನುಷ್ಯನಿಗೂ ಕೊಡಿ ಎಂದು ಕೇಳಿದರೆ ಅದು ಅತಿಯಾಸೆಯೆ?

ಇನ್ನು ಕಾರ್ಖಾನೆಯ ಹೆಣ್ಣುಮಕ್ಕಳ ಪ್ರಾವಿಡೆಂಟ್ ಫಂಡು. 2016 ರ ಏಪ್ರಿಲ್ 18 ಮತ್ತು 19 ನ್ನು ನೆನೆಯಿರಿ. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು ಐವತ್ತೆಂಟು ವರ್ಷದವರೆಗೆ ತೆಗೆಯಬಾರದೆಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿತ್ತು. ಬೆಂಗಳೂರಿನ ಗಾರ್ಮೆಂಟು ಹೆಣ್ಣುಮಕ್ಕಳು ಯಾವ ನಾಯಕನ ಕರೆಗೂ ಕಾಯದೆ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಬಂದರು. ಮರುದಿನ ನಮ್ಮ ತುಮಕೂರು ರಸ್ತೆಗೂ ಬಂದರು. ಎರಡನೆಯ ದಿನ ಸಂಜೆಗೆ ಸರ್ಕಾರ ಆಜ್ಞೆಯನ್ನು ಹಿಂತೆಗೆದುಕೊಂಡಿತು. "ಮುಪ್ಪಿನ ಹಣವನ್ನು ಈಗಲೇ ಏಕೆ ಕೇಳುತ್ತಾರೆ, ದೂರದೃಷ್ಟಿಯಿಲ್ಲದವರು" ಎಂದು ಕುರ್ಚಿಯಲ್ಲಿ ಕುಳಿತವರು ಬರೆದರು. ಅವರಿಗೆ ದೂರದೃಷ್ಟಿ ಇತ್ತು. ನಲವತ್ತಕ್ಕೆ ಕಣ್ಣು, ಸೊಂಟ ಹೋಗಿ ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಐವತ್ತೆಂಟರವರೆಗೆ ಮಗಳ ಮದುವೆ, ಮಗನ ಶುಲ್ಕ ಕಾಯುವುದಿಲ್ಲವೆಂದೂ ಗೊತ್ತಿತ್ತು.

ಆ ನಿಧಿಯಿಂದ ಬರುವ ಪಿಂಚಣಿಯಾದರೂ ಎಷ್ಟು? 1995 ರ ನವೆಂಬರ್‌ನಲ್ಲಿ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಹತ್ತು ವರ್ಷದ ಸೇವೆ ಇರಬೇಕು. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸುತ್ತಾರೆ. ಹನ್ನೆರಡು ಸಾವಿರ ಸಂಬಳದಲ್ಲಿ ಹನ್ನೆರಡು ವರ್ಷ ಹೊಲಿದವಳಿಗೆ ತಿಂಗಳಿಗೆ 2,057 ರೂಪಾಯಿ. 2014 ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿ 1,000 ಎಂದು ಗೊತ್ತುಮಾಡಿದರು; ಹತ್ತು ವರ್ಷ ದಾಟಿದರೂ ಅದು ಏರಲಿಲ್ಲ. ಇದರಲ್ಲಿ ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯವೂ ಇಲ್ಲ. ಗುತ್ತಿಗೆಯ ಮೇಲೆ ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವರಿಗೆ ಹತ್ತು ವರ್ಷ ತುಂಬುವುದೇ ಕಷ್ಟ. ನಾವು ಪಾಠ ಹೇಳಿದ ಒಂದು ಖಾಸಗಿ ಶಾಲೆಯಲ್ಲಿ ಪಿ.ಎಫ್. ಎಂದು ಸಂಬಳದಿಂದ ಹಿಡಿಯುತ್ತಿದ್ದರು. ಬಿಟ್ಟುಬಂದ ಮೇಲೆ ನೋಡಿದರೆ ನಮ್ಮ ಹೆಸರಿನಲ್ಲಿ ಖಾತೆಯೇ ಇರಲಿಲ್ಲ. ಹಾಗೆ ಮೋಸಹೋದವರು ಈ ಸಭೆಯಲ್ಲೂ ಹಲವರಿರಬಹುದು.

ಇಲ್ಲಿ ಬಂದಿರುವ ಶಿಕ್ಷಕ ಮಿತ್ರರಿಗೆ, ನೌಕರ ಮಿತ್ರರಿಗೆ ಒಂದು ಮಾತು. ಕೇಂದ್ರದಲ್ಲಿ 2004 ರ ಜನವರಿಯಿಂದ, ಕರ್ನಾಟಕದಲ್ಲಿ 2006 ರ ಏಪ್ರಿಲ್‌ನಿಂದ ಹೊಸದಾಗಿ ಸೇರಿದ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿ ತಪ್ಪಿತು. ಸಂಬಳದ ಹತ್ತನೆಯ ಒಂದು ಪಾಲು ಹಿಡಿದು, ಸರ್ಕಾರವೂ ಸೇರಿಸಿ, ಪೇಟೆಯಲ್ಲಿ ಹೂಡುತ್ತಾರೆ. ಪೇಟೆ ಏರಿದರೆ ಪಿಂಚಣಿ, ಇಳಿದರೆ ಹಣೆಬರಹ. 2022 ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನೌಕರರು ಇದರ ವಿರುದ್ಧ ಧರಣಿ ಕುಳಿತರು. 2024 ರ ಜನವರಿಯಲ್ಲಿ ರಾಜ್ಯ ಸರ್ಕಾರ, 2006 ಕ್ಕೆ ಮುಂಚೆಯೇ ನೇಮಕದ ಪ್ರಕಟಣೆಯಾಗಿ ಆಮೇಲೆ ಸೇರಿದ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿ ಕೊಡಲು ಒಪ್ಪಿತು. ಉಳಿದವರದು ಉಳಿಯಿತು. ಕೇಂದ್ರ ಸರ್ಕಾರವೂ 2025 ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಎಂದು ತಂದು, ಇಪ್ಪತ್ತೈದು ವರ್ಷ ಸೇವೆ ಮಾಡಿದವರಿಗೆ ಮೂಲವೇತನದ ಅರ್ಧ, ಹತ್ತು ವರ್ಷ ಮಾಡಿದವರಿಗೆ ಕನಿಷ್ಠ 10,000 ಎಂದು ಮಾತು ಕೊಟ್ಟಿತು. ಎಂದರೆ, ಮುಪ್ಪನ್ನು ಪೇಟೆಯ ಜೂಜಿಗೆ ಬಿಡಬಾರದೆಂದು ಇಪ್ಪತ್ತು ವರ್ಷದ ನಂತರ ಅವರೇ ಒಪ್ಪಿಕೊಂಡ ಹಾಗಾಯಿತು.

ನೌಕರರ ಬೇಡಿಕೆ ನ್ಯಾಯವಾದದ್ದು. "ಬಡವರಿಗಿಲ್ಲದ್ದು ಇವರಿಗೇಕೆ" ಎಂದು ಕೂಲಿಕಾರನನ್ನು ಮೇಷ್ಟರ ಮೇಲೆ ಎತ್ತಿಕಟ್ಟುವ ಮಾತನ್ನು ನಂಬಬೇಡಿ. ಮೇಷ್ಟರ ಪಿಂಚಣಿ ಕಿತ್ತ ದುಡ್ಡು ಯಾವ ಮುದುಕಿಯ ಸೆರಗಿಗೂ ಬೀಳಲಿಲ್ಲ. ಆದರೆ ನೌಕರ ಮಿತ್ರರೇ, ನಿಮಗೂ ಒಂದು ಪ್ರಶ್ನೆ. ನೀವು ಫ್ರೀಡಂ ಪಾರ್ಕಿಗೆ ಹೋದಾಗ, ನಿಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಾಯಿಯ ಮುಪ್ಪಿನ ಮಾತು ನಿಮ್ಮ ಬೇಡಿಕೆಯ ಪಟ್ಟಿಯಲ್ಲಿತ್ತೆ? ಒಂದೇ ಗೋಡೆಯೊಳಗೆ ದುಡಿಯುವವರು ಒಂದೇ ಬೇಡಿಕೆ ಇಡದಿದ್ದರೆ ಇಬ್ಬರೂ ಸೋಲುತ್ತಾರೆ.

ಕಡೆಗೆ ಹಣದ ಪ್ರಶ್ನೆ. ಇದನ್ನು ತಪ್ಪಿಸಿಕೊಂಡು ಹೋಗುವವರಲ್ಲ ನಾವು. ಒಂದು ಲಕ್ಷ ಮುದುಕರಿಗೆ 1,200 ನ್ನು 4,000 ಮಾಡಿದರೆ ವರ್ಷಕ್ಕೆ 336 ಕೋಟಿ ಹೆಚ್ಚಿಗೆ ಬೇಕು. 2011 ರ ಜನಗಣತಿಯಂತೆ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ; ಈಗ ಇನ್ನೂ ಹೆಚ್ಚು. ಇವರಲ್ಲಿ 50 ಲಕ್ಷ ಜನಕ್ಕೆ ತಿಂಗಳಿಗೆ 4,000 ಎಂದರೆ ವರ್ಷಕ್ಕೆ 24,000 ಕೋಟಿ. ಸಣ್ಣ ಮೊತ್ತವಲ್ಲ. ಆದರೆ 2025-26 ರ ರಾಜ್ಯದ ಮುಂಗಡಪತ್ರ 4 ಲಕ್ಷ 9 ಸಾವಿರ ಕೋಟಿಯದು. ಅದರಲ್ಲಿ ನೂರಕ್ಕೆ ಆರು ಪಾಲೂ ಆಗುವುದಿಲ್ಲ. ಈಗಾಗಲೇ ಕೊಡುತ್ತಿರುವುದನ್ನು ಕಳೆದರೆ ಇನ್ನೂ ಕಡಿಮೆ.

ದೆಹಲಿಯ ಲೆಕ್ಕ ಇದಕ್ಕಿಂತ ಸುಲಭ. 2019 ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಕಂಪನಿಗಳ ತೆರಿಗೆಯನ್ನು ಶೇಕಡ 30 ರಿಂದ 22 ಕ್ಕೆ ಇಳಿಸಿದರು. ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ಬಿಟ್ಟುಕೊಟ್ಟೆವೆಂದು ಸರ್ಕಾರವೇ ಹೇಳಿತು. 2011 ರಲ್ಲಿ ಎಣಿಸಿದ ದೇಶದ ಮುದುಕರು 10 ಕೋಟಿ 38 ಲಕ್ಷ. ಅವರಲ್ಲಿ ಪ್ರತಿಯೊಬ್ಬರಿಗೂ, ಬಡವ ಬಲ್ಲಿದ ಎನ್ನದೆ, ಕೇಂದ್ರ ತಿಂಗಳಿಗೆ 1,000 ಕೊಟ್ಟರೂ ವರ್ಷಕ್ಕೆ ತಗಲುವುದು 1 ಲಕ್ಷ 25 ಸಾವಿರ ಕೋಟಿ. ಕಂಪನಿಗಳಿಗೆ ಒಂದು ದಿನದಲ್ಲಿ ಬಿಟ್ಟದ್ದು ಅದಕ್ಕಿಂತ ಹೆಚ್ಚು. ಹಣವಿಲ್ಲವೆಂಬುದು ಸುಳ್ಳು. ಯಾರಿಗೆ ಎಂಬುದೇ ಪ್ರಶ್ನೆ.

ಬೇರೆ ದೇಶಗಳೂ ಶ್ರೀಮಂತವಾದ ಮೇಲೆ ಕೊಡಲು ತೊಡಗಿದ್ದಲ್ಲ. ಬ್ರಿಟನ್ನಿನಲ್ಲಿ 1908 ರಲ್ಲಿ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್ ಎಂದು ಶಾಸನವಾಯಿತು. ಹಣಕ್ಕಾಗಿ ಮರುವರ್ಷ ಶ್ರೀಮಂತರ ಮೇಲೆ, ಭೂಮಾಲೀಕರ ಮೇಲೆ ತೆರಿಗೆ ಹಾಕಿದರು. ಪ್ರಭುಗಳ ಸಭೆ ತಡೆಯಿತು, ಚುನಾವಣೆಯಾಯಿತು, ಪ್ರಭುಗಳು ಸೋತರು. ಅಷ್ಟು ದೂರ ಬೇಡ, ನೇಪಾಳವನ್ನು ನೋಡಿ. ನಮಗಿಂತ ಬಡ ದೇಶ. ಅಲ್ಲಿ ಅರವತ್ತೆಂಟು ದಾಟಿದವರಿಗೆ ತಿಂಗಳಿಗೆ ನೇಪಾಳಿ ನಾಲ್ಕು ಸಾವಿರ. ನಮ್ಮ ರೂಪಾಯಿಯಲ್ಲಿ ಎರಡೂವರೆ ಸಾವಿರ. ಆದಾಯ ಪತ್ರ ತಾ ಎಂದು ಕೇಳುವುದಿಲ್ಲ.

ನಮ್ಮ ಬೇಡಿಕೆಗಳು ಇವು. ಒಂದು, ಅರವತ್ತು ದಾಟಿದ, ಬೇರೆ ಪಿಂಚಣಿಯಿಲ್ಲದ, ಆದಾಯ ತೆರಿಗೆ ಕಟ್ಟದ ಪ್ರತಿಯೊಬ್ಬರಿಗೂ ತಿಂಗಳಿಗೆ 4,000 ಕ್ಕೆ ಕಡಿಮೆಯಿಲ್ಲದ ಪಿಂಚಣಿ. 32,000 ದ ಆದಾಯದ ಬೇಲಿ, ಠೇವಣಿಯ ಬೇಲಿ ಎರಡೂ ಹೋಗಬೇಕು. ಎರಡು, ಸರ್ಕಾರಿ ನೌಕರನ ತುಟ್ಟಿಭತ್ಯ ಏರಿದ ದಿನವೇ ಅದೂ ಏರಬೇಕು, ಚುನಾವಣೆಗೆ ಕಾಯಬಾರದು. ಮೂರು, ಕೇಂದ್ರ ತನ್ನ 200 ನ್ನು ಕನಿಷ್ಠ 1,000 ಮಾಡಬೇಕು. ನಾಲ್ಕು, ಬೆರಳು ಹೊಂದದಿದ್ದರೆ, ವಯಸ್ಸು ತಪ್ಪಿದ್ದರೆ ಗ್ರಾಮಸಭೆಯ ಮಾತೇ ಸಾಕ್ಷಿಯಾಗಬೇಕು. ನೋಟೀಸು ಕೊಡದೆ ಯಾರ ಪಿಂಚಣಿಯೂ ನಿಲ್ಲಬಾರದು. ಐದು, ಹಣ ತಿಂಗಳ ಮೊದಲ ವಾರ ಮನೆ ಬಾಗಿಲಿಗೆ ಬರಬೇಕು. ಆರು, ಇದಕ್ಕೆ ಯಾವ ನಾಯಕನ ಹೆಸರೂ ಬೇಡ. ನಮ್ಮ ಅಜ್ಜಿಯರು ಇಟ್ಟ ಹೆಸರೇ ಇರಲಿ: ಸಂಬಳ.

ಬೇಡಿಕೆ ಓದಿ ಮನೆಗೆ ಹೋದರೆ ಆಗಲಿಲ್ಲ. ಪ್ರತಿ ಕಾರ್ಯಕರ್ತನೂ ತನ್ನ ಊರಿನ ಮನೆ ಮನೆಗೆ ಹೋಗಿ ಒಂದು ಪುಸ್ತಕದಲ್ಲಿ ಬರೆಯಲಿ: ಅರವತ್ತು ದಾಟಿದವರು ಯಾರು, ಹಣ ಬರುವುದು ಯಾರಿಗೆ, ನಿಂತದ್ದು ಯಾರಿಗೆ, ಎಂದಿನಿಂದ, ಏಕೆ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಿ. ಅದಕ್ಕಾಗಿ ಒಂದು ಕಾಸೂ ಮುಟ್ಟಬೇಡಿ. ಅಕ್ಟೋಬರ್ 1 ನ್ನು ವಿಶ್ವಸಂಸ್ಥೆ ಹಿರಿಯರ ದಿನವೆಂದು ಗೊತ್ತುಮಾಡಿದೆ. ಆ ದಿನ ಕಛೇರಿಗಳಲ್ಲಿ ನಾಲ್ಕು ಮುದುಕರಿಗೆ ಶಾಲು ಹೊದಿಸಿ ಫೋಟೋ ತೆಗೆಯುತ್ತಾರೆ. ನಾವು ನಮ್ಮ ಪುಸ್ತಕಗಳನ್ನು ಹಿಡಿದು, ನಮ್ಮ ತಂದೆ ತಾಯಿಯರನ್ನು ಕರೆದುಕೊಂಡು, ಮಧುಗಿರಿಯ ಉಪವಿಭಾಗದ ಕಛೇರಿಯ ಮುಂದೆ ಕೂರೋಣ. ನಡೆಯಲಾರದವರನ್ನು ಹೊತ್ತು ತರೋಣ. ಅವರು ನಮ್ಮನ್ನು ಹೊತ್ತವರಲ್ಲವೆ?

ನಮ್ಮ ತಾಯಿ ಹೇಳಿದ್ದಾರೆ, ಬರುತ್ತೇನೆಂದು. ಎಣಿಸಲು ಪುರುಸೊತ್ತಿಲ್ಲದವರ ಮುಂದೆ ಹೋಗಿ ಕುಳಿತು, ಎಣಿಸಿ ಎನ್ನುತ್ತಾರಂತೆ. ದೊಡ್ಡಮ್ಮನೂ ಬರುತ್ತೇನೆಂದಿದ್ದಾರೆ. ಅವರಿಗೆ ಬರಬೇಕಾದ್ದು ಬಂದಿದೆ. ತಂಗಿಗೂ ಬರಲಿ ಎಂದು ಬರುತ್ತಾರೆ.

ನೀವೂ ಬನ್ನಿ.